ಓವನ್ನಿಗೆ ಜಾಗ ಉಂಟಾ?

ಮೂರ್ನಾಡಿನಲ್ಲಿ ನನ್ನ ಅಕ್ಕನ ಮನೆಯ ಕಾಫಿ ಕಣದ ಮೂಲೆಯಲ್ಲಿ ಒಂದು ಟ್ರೇಲರ್ ನಿಂತಿದೆ. ಗೊಬ್ಬರ, ಕಾಫಿ ಮೂಟೆ ಹೊರುವ ಟ್ರೇಲರ್ ಕೊಡಗಿನಲ್ಲಿ ಹೊಸತೇನಲ್ಲ. ಇದು ಮಲಗುವ ಟ್ರೇಲರ್. ಹತ್ತಡಿ ಉದ್ದ, ಆರಡಿ ಅಗಲ. ಒಳಗೆ ನೆಟ್ಟಗೆ ನಿಂತರೆ ಬಾವನ ತಲೆಗೂ ಚಾವಣಿಗೂ ನಡುವೆ ನಾಲ್ಕು ಬೆರಳು ಹೋಗುತ್ತದೆ. ಒಂದು ಹಾಸಿಗೆ, ಮಡಚುವ ಮೇಜು, ಹಿಂಬದಿಯ ಬಾಗಿಲ ಪಕ್ಕ ಅಡುಗೆ ಕಟ್ಟೆ. ಕೊಯ್ಲು ಮುಗಿದ ಮೇಲೆ ಜೀಪಿಗೆ ಕಟ್ಟಿಕೊಂಡು ಊರೂರು ಸುತ್ತುವುದು ಬಾವನ ಲೆಕ್ಕಾಚಾರ.

ಎಲ್ಲ ಸಲೀಸಾಗಿ ಮುಗಿದು, ಕಟ್ಟೆಯ ಕೆಳಗಿನ ಖಾಲಿ ಜಾಗದ ವಿಷಯದಲ್ಲಿ ಗಂಡ ಹೆಂಡಿರಿಗೆ ಜಟಾಪಟಿ. ಅಕ್ಕನಿಗೆ ಅಲ್ಲಿ ಕಟ್ಟಿ ಕೂರಿಸುವ ಗ್ಯಾಸ್ ಓವನ್ ಬೇಕು. ಬಾವನಿಗೆ ಡ್ರಾಯರ್ ಬೇಕು. ನಾನು ಹೋದ ದಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಚೌಕವಿತ್ತು. ಚೌಕದೊಳಗೆ ಅಕ್ಕ ಕೂತಿದ್ದಳು, ಜಾಗ ಹಿಡಿದವಳ ಹಾಗೆ.

“ನೀನು ಪೇಪರಿಗೆಲ್ಲ ಬರೆಯುವವನಲ್ವಾ, ನೀನೇ ಹೇಳು ಮಾರಾಯ” ಎಂದರು ಬಾವ. ಬಾವನ ಪರ ಹೇಳಿದರೆ ಮಧ್ಯಾಹ್ನದ ಊಟಕ್ಕೆ ಸಂಚಕಾರ, ಅಕ್ಕನ ಪರ ಹೇಳಿದರೆ ಮಡಿಕೇರಿ ಬಸ್ಸಿಗೆ ಬಿಡುವವರಿಲ್ಲ. ಹಾಗಾಗಿ ಅಳತೆಪಟ್ಟಿ, ಪೆನ್ನು, ಕಾಗದ ತರಿಸಿದೆ.

ಮೊದಲು ಓವನ್ ಅಂದರೆ ಏನು ಎನ್ನುವುದು ಇತ್ಯರ್ಥವಾಗಬೇಕು. ಓವನ್ ಒಂದು ಮುಚ್ಚಿದ ಪೆಟ್ಟಿಗೆ. ಅದರೊಳಗೆ 150ರಿಂದ 220 ಡಿಗ್ರಿ ಸೆಲ್ಸಿಯಸ್ಸಿನ ಒಣ ಬಿಸಿಗಾಳಿ. ನಮ್ಮ ಕಡೆಯ ಅಡುಗೆ ನಡೆಯುವುದು ಬಹುಪಾಲು ಹಬೆಯಲ್ಲಿ. ಹಬೆ ಎಷ್ಟೇ ಜೋರಾಗಿದ್ದರೂ ತೆರೆದ ಪಾತ್ರೆಯಲ್ಲಿ ನೂರು ಡಿಗ್ರಿ ದಾಟುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಂತೂ ನೀರು 96 ಡಿಗ್ರಿಗೇ ಕುದಿಯುತ್ತದೆ. ಹಿಟ್ಟಿನ ಮೇಲ್ಮೈ ಕಂದಾಗಿ, ಗರಿಯಾಗಿ, ಬೇಕರಿಯ ಆ ಪರಿಮಳ ಬರಲು ಹೆಚ್ಚುಕಡಿಮೆ 140 ಡಿಗ್ರಿ ಬೇಕು. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಹಬೆಯಲ್ಲಿ ಎಷ್ಟು ಹೊತ್ತು ಬೆಂದರೂ ಬೆಳ್ಳಗೇ ಇರುವುದಕ್ಕೂ ಬನ್ನಿನ ತಲೆ ಕಂದಾಗುವುದಕ್ಕೂ ಕಾರಣ ಇಷ್ಟೇ. ಅದೇ ಕಡಂಬುಟ್ಟನ್ನು ಓವನ್ನಿನಲ್ಲಿಟ್ಟರೆ ತರಿಯ ನೀರೆಲ್ಲ ಆರಿ, ಬಿರುಕು ಬಿಟ್ಟು, ಹಾಕಿ ಆಡುವ ಚೆಂಡಾಗುತ್ತದೆ.

“ನಿನ್ನ ಅಡುಗೆಯಲ್ಲಿ ಒಣಬಿಸಿಯೇ ಬೇಕು ಎನ್ನುವಂಥದ್ದು ಯಾವುದು?” ಎಂದು ಅಕ್ಕನನ್ನು ಕೇಳಿದೆ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಹಬೆಯವು. ಅಕ್ಕಿ ರೊಟ್ಟಿಗೆ ಕಾವಲಿ ಸಾಕು. ಪಂದಿಕರಿಗೆ ದಪ್ಪ ತಳದ ಪಾತ್ರೆ, ಸಣ್ಣ ಉರಿ, ಕೊನೆಗೊಂದಿಷ್ಟು ಕಾಚಂಪುಳಿ. ಬಿದಿರು ಕಳಲೆ, ಅಣಬೆ, ಕೆಸ ಎಲ್ಲವೂ ಒಲೆಯ ಮೇಲಿನವೇ. ಪಟ್ಟಿ ಮುಗಿದಾಗ ಓವನ್ ಕಡೆಗೆ ಉಳಿದದ್ದು ನಾಲ್ಕು: ಕೇಕು, ಬಿಸ್ಕತ್ತು, ಪಿಜ್ಜಾ, ಇಡೀ ಕೋಳಿಯ ರೋಸ್ಟು. ಬ್ರೆಡ್ಡು, ಬನ್ನು, ಪಪ್ಸು ಲೆಕ್ಕಕ್ಕೆ ಬರುವುದಿಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರುವಾದಂದಿನಿಂದ ಅಯ್ಯಂಗಾರ್ ಬೇಕರಿಗಳು ಆ ಕೆಲಸವನ್ನು ನಮ್ಮ ಹೆಂಗಸರ ತಲೆಯಿಂದ ಇಳಿಸಿವೆ. ಟ್ರೇಲರ್ ಎಳೆದುಕೊಂಡು ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಬಸ್‌ಸ್ಟ್ಯಾಂಡ್ ಎದುರು ಒಂದು ಬೇಕರಿ ಇದ್ದೇ ಇರುತ್ತದೆ.

ಅಮೆರಿಕದ ಟ್ರೇಲರ್‌ಗಳಲ್ಲಿ ಓವನ್ ಯಾಕೆ ಬಂತು ಎನ್ನುವುದೂ ಇಲ್ಲೇ ತಿಳಿಯುತ್ತದೆ. ಅಲ್ಲಿಯವರ ರಾತ್ರಿಯೂಟವೇ ಒಣಬಿಸಿಯದ್ದು: ಸುಟ್ಟ ಆಲೂಗಡ್ಡೆ, ರೋಸ್ಟು, ಪೈ, ಫ್ರೀಜರ್‌ನಿಂದ ತೆಗೆದ ಪಿಜ್ಜಾ. ಓವನ್ ಇಲ್ಲದ ಮನೆ ಅವರಿಗೆ ಒಲೆ ಇಲ್ಲದ ಮನೆಯ ಹಾಗೆ. ಅಲ್ಲಿ ನೆಲೆಸಿರುವ ನಮ್ಮ ದೊಡ್ಡಪ್ಪನ ಮಗ ಬೇಸಿಗೆಯಲ್ಲಿ ಬಾಡಿಗೆ ಟ್ರೇಲರ್ ಹಿಡಿದು ಮಕ್ಕಳನ್ನು ಸುತ್ತಿಸುತ್ತಾನೆ. ಓವನ್ ಹೇಗೆ ಕೆಲಸ ಮಾಡುತ್ತದೆ ಎಂದು ಫೋನಿನಲ್ಲಿ ಕೇಳಿದರೆ, “ಬಾಣಲೆ, ಕುಕ್ಕರು ಇಡಲು ಚೆನ್ನಾಗುಂಟು” ಎಂದ.

ಕಟ್ಟಿ ಕೂರಿಸುವ ಟ್ರೇಲರ್ ಓವನ್ನಿನ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಮೆರಿಕದ ಮಾದರಿಗಳು ಸಾಮಾನ್ಯವಾಗಿ 17 ಇಂಚು ಇಲ್ಲವೇ 21–22 ಇಂಚು ಎತ್ತರದವು. ಮೇಲೆ ಒಲೆ, ಕೆಳಗೆ ಓವನ್ ಒಂದೇ ತುಂಡಿನಲ್ಲಿ ಬರುತ್ತವೆ. ತಳದಲ್ಲಿ ಒಂದು ಬರ್ನರ್, ಅದರ ಮೇಲೊಂದು ತಗಡು, ತಗಡಿನ ಮೇಲೆ ತಂತಿಯ ತಟ್ಟೆ. ಜ್ವಾಲೆ ತಗಡನ್ನು ಕಾಯಿಸುತ್ತದೆ, ತಗಡು ಗಾಳಿಯನ್ನು ಕಾಯಿಸುತ್ತದೆ. ಮನೆಯ ದೊಡ್ಡ ಓವನ್ನಿನಲ್ಲಿ ಬಿಸಿಗಾಳಿ ಸುತ್ತಾಡಲು ಜಾಗವಿರುತ್ತದೆ. ಈ ಸಣ್ಣ ಪೆಟ್ಟಿಗೆಯಲ್ಲಿ ಕೇಕಿನ ತಳ ಬರ್ನರಿಗೆ ಒಂದು ಗೇಣು ದೂರದಲ್ಲಿ ಕೂತಿರುತ್ತದೆ. ಹಾಗಾಗಿ ತಳ ಸೀದು ತಲೆ ಹಸಿಯಾಗಿರುವುದು ಈ ಓವನ್ನುಗಳ ಹುಟ್ಟುಗುಣ. ಬಳಸಿ ಪಳಗಿದವರು ತಂತಿಯ ಕೆಳಗೆ ಒಂದು ಚಪ್ಪಟೆ ಕಲ್ಲಿಡುತ್ತಾರೆ. ಕಲ್ಲು ಬಿಸಿಯನ್ನು ಹೀರಿ ನಿಧಾನವಾಗಿ, ಎಲ್ಲ ಕಡೆಗೂ ಸಮನಾಗಿ ಬಿಡುತ್ತದೆ. ಆದರೆ ಕಲ್ಲಿಗೂ ತೂಕವುಂಟು, ಅದು ಕಾಯಲು ಹೆಚ್ಚುವರಿ ಹತ್ತು ನಿಮಿಷದ ಗ್ಯಾಸೂ ಬೇಕು.

ಜ್ವಾಲೆಯ ಪಕ್ಕದಲ್ಲಿ ಒಂದು ತಾಮ್ರದ ಕಡ್ಡಿಯಂಥದ್ದು ಕಾಣುತ್ತದೆ. ಅದು ಥರ್ಮೋಕಪಲ್. ತುದಿ ಬಿಸಿಯಾದರೆ ಅದರಲ್ಲಿ ಕೆಲವು ಮಿಲಿವೋಲ್ಟ್ ವಿದ್ಯುತ್ ಹುಟ್ಟಿ, ಗ್ಯಾಸಿನ ವಾಲ್ವನ್ನು ತೆರೆದು ಹಿಡಿಯುವ ಪುಟ್ಟ ಅಯಸ್ಕಾಂತಕ್ಕೆ ಜೀವ ಕೊಡುತ್ತದೆ. ಗಾಳಿಗೆ ಜ್ವಾಲೆ ಆರಿದರೆ ತುದಿ ತಣ್ಣಗಾಗಿ, ಒಂದು ನಿಮಿಷದೊಳಗೆ ವಾಲ್ವು ತಾನಾಗಿ ಮುಚ್ಚುತ್ತದೆ. ಹಚ್ಚುವಾಗ ಗುಂಡಿಯನ್ನು ಅಷ್ಟು ಹೊತ್ತು ಒತ್ತಿ ಹಿಡಿಯಬೇಕಾಗಿರುವುದೂ ಇದಕ್ಕೇ. ಮುಚ್ಚಿದ ಪೆಟ್ಟಿಗೆಯಲ್ಲಿ ಉರಿ ಆರಿದ್ದು ಹೊರಗಿನವರಿಗೆ ಕಾಣುವುದಿಲ್ಲ. ಈ ಕಡ್ಡಿ ಇಲ್ಲದ ಓವನ್ನನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ದುಡ್ಡು ಕೊಟ್ಟರೂ ಬೇಡ ಅನ್ನಿ.

ಇನ್ನು ಗ್ಯಾಸಿನ ಲೆಕ್ಕ. ಇಂಥ ಓವನ್ನಿನ ಬರ್ನರ್ ಸುಮಾರು ಎರಡು ಕಿಲೋವ್ಯಾಟಿನದು. ಒಂದು ಕಿಲೋ ಎಲ್‌ಪಿಜಿಯಲ್ಲಿ 12.8 ಯೂನಿಟ್ಟಿನಷ್ಟು ಶಾಖವಿದೆ. ಅಂದರೆ ಓವನ್ ಪೂರ್ತಿ ಉರಿಯಲ್ಲಿ ಒಂದು ಗಂಟೆ ನಡೆದರೆ 156 ಗ್ರಾಂ ಗ್ಯಾಸ್. ಅಕ್ಕನ ಮನೆಯಲ್ಲಿ 14.2 ಕಿಲೋ ಸಿಲಿಂಡರ್ ನಲವತ್ತು ದಿನ ಬರುತ್ತದೆ, ದಿನಕ್ಕೆ 355 ಗ್ರಾಂ. ಹಾಗಾಗಿ ಗ್ಯಾಸ್ ಮುಗಿದೀತು ಎಂಬ ಬಾವನ ಗೋಳಿನಲ್ಲಿ ಹುರುಳಿಲ್ಲ. ಈ ಒಂದು ಸುತ್ತು ಅಕ್ಕನದು.

ಆದರೆ ಉರಿದ ಗ್ಯಾಸು ಎಲ್ಲಿಗೆ ಹೋಗುತ್ತದೆ? ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ. ಒಂದು ಗಂಟೆಯ ಓವನ್ನಿಗೆ ಕಾಲು ಲೀಟರಿನಷ್ಟು ನೀರು, ಕಣ್ಣಿಗೆ ಕಾಣದೆ, ಆ ಹತ್ತಡಿ ಕೋಣೆಯ ಗಾಳಿಗೆ ಸೇರುತ್ತದೆ. ಬಯಲುಸೀಮೆಯಲ್ಲಾದರೆ ಕಿಟಕಿ ತೆರೆದರಾಯಿತು. ಜುಲೈ ತಿಂಗಳ ಮೂರ್ನಾಡಿನಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದೂ ನೀರೇ. ಆವಿ ತಣ್ಣನೆಯ ತಗಡಿನ ಗೋಡೆಗೆ ತಾಗಿ, ಹನಿಯಾಗಿ, ಹಾಸಿಗೆಯ ಹಿಂದೆ ಇಳಿದು, ವಾರದೊಳಗೆ ಬೂಸ್ಟು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಬಿದಿರು ಬುಟ್ಟಿಯ ಕೆಳಗೆ ಕೆಂಡ ಇಡುವ ಊರಿನವರಿಗೆ ಬೂಸ್ಟಿನ ವಿಚಾರ ಹೇಳಿಕೊಡಬೇಕಿಲ್ಲ.

ಕೆಂಡ ಅಂದಾಗ ಇನ್ನೊಂದು ಮಾತು. ಚಳಿಗೆ ಕೋಣೆಯಲ್ಲಿ ಕೆಂಡವಿಟ್ಟು ಮಲಗಿ ಏಳದೇ ಹೋದವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ಕಾರಣ, ಮತ್ತು ಗ್ಯಾಸ್ ಓವನ್ ಕೂಡ ಆ ವಿಷಯದಲ್ಲಿ ಕೆಂಡದ ಬಂಧುವೇ. 156 ಗ್ರಾಂ ಗ್ಯಾಸ್ ಉರಿಯಲು ಸುಮಾರು ಎರಡು ಘನ ಮೀಟರ್ ಗಾಳಿ ಬೇಕು. ಬಾವನ ಟ್ರೇಲರಿನೊಳಗೆ ಇರುವುದೇ ಹತ್ತು ಘನ ಮೀಟರ್. ಚಳಿಯಾಗುತ್ತದೆಂದು ಗಾಳಿಕಿಂಡಿಗೆ ಬಟ್ಟೆ ತುರುಕಿ ಓವನ್ ಬಾಗಿಲು ತೆರೆದಿಟ್ಟು ಮೈಕಾಯಿಸುವುದು ಟ್ರೇಲರಿನಲ್ಲಿ ಮಾಡಬಹುದಾದ ಅತಿದೊಡ್ಡ ಮೂರ್ಖತನ. ಓವನ್ ಕೂರಿಸಿದರೂ ಕೂರಿಸದಿದ್ದರೂ ಎರಡು ಅಲಾರಂ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನೀರಿನಂತೆ ಮಡುಗಟ್ಟುತ್ತದೆ. ಆ ಅಲಾರಂ ಮೊಣಕಾಲಿಗಿಂತ ಕೆಳಗಿರಲಿ. ಮಾನಾಕ್ಸೈಡಿನದು ಮಲಗಿದವರ ಮೂಗಿನ ಮಟ್ಟಕ್ಕಿರಲಿ.

ಬಾವನಿಗೆ ನಿಜವಾಗಿ ಬಲ ಬಂದದ್ದು ತೂಕದ ವಿಷಯದಲ್ಲಿ.

ಎಳೆಯುವ ಟ್ರೇಲರ್ ಒಂದು ಏತದ ಹಾಗೆ. ನಡುವೆ ಅಚ್ಚು, ಮುಂದೆ ಜೀಪಿನ ಕೊಂಡಿ, ಹಿಂದೆ ಬಾಲ. ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ಕೊಂಡಿಯ ಮೇಲೆ ಕೂತಿದ್ದರೆ ಗಾಡಿ ಹೇಳಿದ ಹಾಗೆ ಕೇಳುತ್ತದೆ. ಬಾಲ ಭಾರವಾಗಿ ಕೊಂಡಿ ಹಗುರವಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಅತ್ತಿತ್ತ ಬಳುಕಲು ಶುರುಮಾಡುತ್ತದೆ. ಒಮ್ಮೆ ಬಳುಕು ಹಿಡಿಯಿತೆಂದರೆ ಜೀಪನ್ನೇ ಅಲ್ಲಾಡಿಸಿಬಿಡುತ್ತದೆ. ಮಡಿಕೇರಿ ರಸ್ತೆಯ ತಿರುವುಗಳಲ್ಲಿ ನಮಗೆ ವೇಗವೇ ಸಿಗುವುದಿಲ್ಲವಾದ್ದರಿಂದ ಇದು ತಿಳಿಯುವುದಿಲ್ಲ. ಹುಣಸೂರು ದಾಟಿ ಮೈಸೂರು ಕಡೆಯ ನೇರ ರಸ್ತೆಗೆ ಬಿದ್ದಾಗ ತಿಳಿಯುತ್ತದೆ.

ಬಾವನ ಟ್ರೇಲರ್ ಸಾಮಾನು ಸಹಿತ 600 ಕಿಲೋ, ಕೊಂಡಿಯ ಮೇಲೆ 60 ಇರಬೇಕು. ಇದನ್ನು ಅಳೆಯಲು ನಮಗೆ ಹೊಸ ಸಾಧನ ಬೇಕಾಗಲಿಲ್ಲ. ಕೊಯ್ಲಿನ ಕಾಫಿ ತೂಗುವ ಯಂತ್ರವನ್ನು ಕಣದಲ್ಲಿ ಮಟ್ಟಸವಾಗಿಟ್ಟು, ಮೇಲೊಂದು ಮರದ ತುಂಡಿಟ್ಟು, ಅದರ ಮೇಲೆ ಕೊಂಡಿಯನ್ನು ಇಳಿಸಿದೆವು. ಮುಳ್ಳು 61ಕ್ಕೆ ಹೋಗಿ ನಿಂತಿತು. ಒಲೆ ಸೇರಿದ ಓವನ್ ಸುಮಾರು 20 ಕಿಲೋ. ಕೊಂಡಿಯಿಂದ ಅಚ್ಚಿಗೆ ಒಂಬತ್ತಡಿ, ಅಚ್ಚಿನಿಂದ ಹಿಂದಿನ ಅಡುಗೆ ಕಟ್ಟೆಗೆ ನಾಲ್ಕಡಿ. 20ನ್ನು 4ರಿಂದ ಗುಣಿಸಿ 9ರಿಂದ ಭಾಗಿಸಿದರೆ ಹೆಚ್ಚುಕಡಿಮೆ 9. ಅಂದರೆ ಓವನ್ ಕೂರಿಸಿದ ತಕ್ಷಣ ಕೊಂಡಿಯಿಂದ ಒಂಬತ್ತು ಕಿಲೋ ಎದ್ದುಹೋಗುತ್ತದೆ, ಉಳಿಯುವುದು 52. ನಂಬಿಕೆ ಬರಲೆಂದು ಅಲ್ಲೇ ಇದ್ದ ಇಪ್ಪತ್ತು ಕಿಲೋ ಕಾಫಿಯ ಚೀಲವನ್ನು ಸೀಮೆಸುಣ್ಣದ ಚೌಕದೊಳಗೆ ಇಟ್ಟೆವು. ಮುಳ್ಳು 52ಕ್ಕೇ ಇಳಿಯಿತು. ಬಾವ ಅಕ್ಕನ ಮುಖ ನೋಡಿದರು. ಅಕ್ಕ ಕಿಟಕಿಯ ಕಡೆ ನೋಡಿದಳು.

ಜಾಗದ ಲೆಕ್ಕವೂ ಹೀಗೆಯೇ. 17 ಇಂಚಿನ ಓವನ್ ಕಟ್ಟೆಯ ಕೆಳಗೆ ನುಂಗುವ ಜಾಗ ನೂರು ಲೀಟರಿಗೂ ಹೆಚ್ಚು. ಬೇಯಿಸಲು ಒಳಗೆ ಸಿಗುವುದು ಅದರ ಮೂರನೇ ಒಂದು ಪಾಲಿನಷ್ಟು. ಉಳಿದದ್ದು ಶಾಖ ತಡೆಯುವ ಹೊದಿಕೆ, ಬರ್ನರ್, ಸುತ್ತ ಬಿಡಲೇಬೇಕಾದ ಅಂತರ. ಅಲ್ಲದೆ ಕಲ್ಲು ಗುಂಡಿಯ ದಾರಿಯಲ್ಲಿ ಅದರ ತಂತಿ ತಟ್ಟೆ ಮಾಡುವ ಸದ್ದು ತಲೆ ಚಿಟ್ಟು ಹಿಡಿಸುತ್ತದೆ. ಟವೆಲ್ ಸುತ್ತಿಟ್ಟು ಓಡಿಸುವವರಿದ್ದಾರೆ. ಆಮೇಲೆ ಟವೆಲ್ ತೆಗೆಯಲು ಮರೆತು ಓವನ್ ಹಚ್ಚುವವರೂ ಇದ್ದಾರೆ.

ಹಾಗಾದರೆ ಕರೆಂಟಿನ ಓವನ್? ಎಸ್ಟೇಟಿನೊಳಗೆ, ಮನೆಯಿಂದ ಲೈನ್ ಎಳೆದು ಒಂದೇ ಕಡೆ ನಿಲ್ಲಿಸುವ ಟ್ರೇಲರ್ ಆದರೆ ಅದೇ ಸರಿ. ಹೋಂಸ್ಟೇಯವರು ಅತಿಥಿಗಳಿಗಾಗಿ ಹೀಗೆ ನಿಲ್ಲಿಸುವುದುಂಟು. ಅಂಥ ಕಡೆ ಕಟ್ಟಿ ಕೂರಿಸುವ ಅಗತ್ಯವೇ ಇಲ್ಲ. ಓಟಿಜಿ ಎನ್ನುವ 25–30 ಲೀಟರಿನ ಸಣ್ಣ ಕರೆಂಟ್ ಓವನ್ನನ್ನು ಮೇಜಿನ ಮೇಲಿಟ್ಟು, ಬೇಡವಾದಾಗ ಎತ್ತಿ ಒಳಗಿಡಬಹುದು. 1500 ವ್ಯಾಟಿನ ಓಟಿಜಿ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಬಲ್ಬಿನ ಸಾಕೆಟ್ಟಿಗೆ ಸಿಕ್ಕಿಸದೆ 16 ಆಂಪಿಯರಿನ ಪವರ್ ಪ್ಲಗ್ ಹಾಕಿಸಿ.

ಇಲ್ಲಿ ನಮ್ಮೂರಿನದೇ ಒಂದು ತೊಡಕುಂಟು. ಟ್ರಾನ್ಸ್‌ಫಾರ್ಮರಿನಿಂದ ದೂರದ ತೋಟಗಳಲ್ಲಿ ಸಂಜೆ ವೋಲ್ಟೇಜ್ ಬೀಳುತ್ತದೆ. 230 ಇರಬೇಕಾದಲ್ಲಿ 180 ಬಂದರೆ, ‘ಐವತ್ತು ತಾನೆ ಕಡಿಮೆ’ ಅನ್ನಿಸುತ್ತದೆ. ಆದರೆ ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 180ಕ್ಕೆ ಸಿಗುವುದು ನೂರರಲ್ಲಿ 61 ಪಾಲು ಮಾತ್ರ. ಹತ್ತು ನಿಮಿಷಕ್ಕೆ ಕಾಯಬೇಕಾದ ಓವನ್ನಿಗೆ ಹದಿನಾರು ನಿಮಿಷಕ್ಕೂ ಹೆಚ್ಚು ಬೇಕು. ಪುಸ್ತಕದಲ್ಲಿ ಬರೆದಷ್ಟೇ ಹೊತ್ತು ಇಟ್ಟು ತೆಗೆದವರ ಕೇಕು ನಡುವಿನಲ್ಲಿ ಕುಸಿದಿರುತ್ತದೆ. ಬೈಗುಳ ಮಾತ್ರ ಬೇಕಿಂಗ್ ಪೌಡರಿಗೆ. ಓಟಿಜಿ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಸಂಜೆ ಏಳು ಗಂಟೆಗೊಮ್ಮೆ ವೋಲ್ಟೇಜ್ ನೋಡಿಸಿಕೊಳ್ಳುವುದು ಲಾಭ.

ಓಡಾಡುವ ಟ್ರೇಲರಿಗೆ ಬಂದರೆ ಕರೆಂಟಿನ ಓವನ್ ಆಸೆ ಬಿಡಬೇಕು. ಅದೇ 1500 ವ್ಯಾಟನ್ನು 12 ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಎಳೆದರೆ 140 ಆಂಪಿಯರ್ ಹರಿಯುತ್ತದೆ. ಅದಕ್ಕೆ ವೆಲ್ಡಿಂಗ್ ಮಷೀನಿನ ಕೇಬಲ್ಲಿನಷ್ಟು ದಪ್ಪದ ತಂತಿ ಬೇಕು. ಮನೆಗಳಲ್ಲಿರುವ 150 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್. ಬ್ಯಾಟರಿ ಬಾಳಬೇಕೆಂದಿದ್ದರೆ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಅಂದರೆ 0.9. ಒಂದು ಕೇಕಿಗೆ ಹೆಚ್ಚುಕಡಿಮೆ ಅಷ್ಟೇ ಬೇಕು. ಕೇಕು ತಿನ್ನಬಹುದು, ರಾತ್ರಿ ಕತ್ತಲೆಯಲ್ಲಿ. ಮೈಕ್ರೋವೇವ್ ಮಾತ್ರ ಬೇರೆ ಕಥೆ. ಎಳೆಯುವುದು 1200 ವ್ಯಾಟ್ ಆದರೂ ಮೂರು ನಿಮಿಷಕ್ಕೆ ಅನ್ನ ಬಿಸಿಯಾಗುತ್ತದೆ. ಅದರಲ್ಲಿ ಯಾವುದೂ ಕಂದಾಗುವುದಿಲ್ಲ ಅಷ್ಟೆ.

ಇಷ್ಟಾದ ಮೇಲೆ ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆ: “ಡಿಸೆಂಬರಿನಲ್ಲಿ ಮಕ್ಕಳು ಬಂದಾಗ ಕೇಕಿಗೆ ಎಂತ ಮಾಡುವುದು?”

ಉತ್ತರ ಅವಳ ಅಟ್ಟದಲ್ಲೇ ಇತ್ತು: ಹಿಡಿ ಸಡಿಲವಾದ ಐದು ಲೀಟರಿನ ಹಳೆ ಅಲ್ಯೂಮಿನಿಯಂ ಕುಕ್ಕರ್. ಅದರ ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಡಬೇಕು. ಇದನ್ನು ಮರೆತರೆ ಕೇಕಿನ ಬದಲು ಅಪಘಾತ. ನೀರು ಒಂದು ಹನಿಯೂ ಬೇಡ. ತಳದಲ್ಲಿ ಒಂದು ಇಂಚು ಕಲ್ಲುಪ್ಪು, ಅದರ ಮೇಲೊಂದು ಸ್ಟ್ಯಾಂಡು. ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ ಉಪ್ಪು ಆ ಚಪ್ಪಟೆ ಕಲ್ಲಿನ ಕೆಲಸ ಮಾಡುತ್ತದೆ. ಡಬ್ಬಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ ಒಳಗಿಟ್ಟು, ಉರಿ ಸಣ್ಣ ಮಾಡಿ ನಲವತ್ತು ನಲವತ್ತೈದು ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬಾರದು. ನಮ್ಮ ಎತ್ತರಕ್ಕೆ ಕೇಕು ಬೇಗ ಉಬ್ಬಿ ಕುಸಿಯುತ್ತದೆ, ಬೇಕಿಂಗ್ ಪೌಡರ್ ಒಂದು ಚಿಟಿಕೆ ಕಡಿಮೆಯೇ ಇರಲಿ. ತಲೆಯ ಬಣ್ಣ ಓವನ್ನಿನದರಷ್ಟು ಬರುವುದಿಲ್ಲ, ಒಪ್ಪಿದೆ. ಒಣಬಿಸಿಯಲ್ಲಿ ಕುಕ್ಕರ್ ಬಣ್ಣಗೆಡುತ್ತದೆ, ಆಮೇಲೆ ಅದನ್ನು ಅನ್ನಕ್ಕೆ ಬಳಸಬಾರದು. ಉಪ್ಪನ್ನು ಮಾತ್ರ ಡಬ್ಬಿಗೆ ಹಾಕಿಟ್ಟು ವರ್ಷಗಟ್ಟಲೆ ಇದಕ್ಕೇ ಬಳಸಬಹುದು.

ಕೋಳಿ ರೋಸ್ಟಿಗೆ ಟ್ರೇಲರಿನ ಹೊರಗೆ, ದಪ್ಪ ಕಬ್ಬಿಣದ ಪಾತ್ರೆ ಇಟ್ಟು ಮುಚ್ಚಳದ ಮೇಲೂ ಕೆಳಗೂ ಕೆಂಡ ಹಾಕಿದರೆ ಸಾಕು. ಕಾಫಿ ಗಿಡದ ಒಣಕಟ್ಟಿಗೆ ನಮ್ಮಲ್ಲಿ ಬೇಕಾದಷ್ಟುಂಟು.

ಓವನ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ವರ್ಷದಲ್ಲಿ ಆರು ತಿಂಗಳು ಟ್ರೇಲರಿನಲ್ಲೇ ಇರುವವರಿಗೆ, ಬೇಕರಿ ತಿಂಡಿ ಮಾಡಿ ಮಾರುವವರಿಗೆ, ಪ್ರತಿದಿನ ಬ್ರೆಡ್ಡು ಸುಡುವ ಅಭ್ಯಾಸದವರಿಗೆ ಅದು ಬೇಕು. ಅಂಥವರು ಅಡುಗೆ ಕಟ್ಟೆಯನ್ನು ಅಚ್ಚಿನ ನೆತ್ತಿಗೆ ತಂದು ಮೊದಲೇ ಹಾಗೆ ಕಟ್ಟಿಸಬೇಕು. ಯುರೋಪಿನ ಓವನ್ ತರಿಸುವುದಾದರೆ ಅದರ ಫಲಕದಲ್ಲಿ 30 ಮಿಲಿಬಾರ್ ಎಂದಿದೆಯೇ ನೋಡಿ. ನಮ್ಮ ಮನೆಯ ರೆಗ್ಯುಲೇಟರ್ ಕೊಡುವುದೂ ಸುಮಾರು ಅಷ್ಟೇ ಒತ್ತಡ. ಪೈಪ್ ಗ್ಯಾಸಿನ ಜೆಟ್ ಇರುವುದು ನಮ್ಮ ಸಿಲಿಂಡರಿಗೆ ಆಗದು. ಒಳಗಿನ ಪೈಪು ತಾಮ್ರದ್ದಿರಲಿ, ರಬ್ಬರ್ ಇರುವಲ್ಲಿ ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬ್ ಹಾಕಿ ಐದು ವರ್ಷಕ್ಕೊಮ್ಮೆ ಬದಲಿಸಿ. ಪ್ರತಿ ಪ್ರಯಾಣದ ನಂತರ ಜಾಯಿಂಟುಗಳಿಗೆ ಸೋಪಿನ ನೊರೆ ಬಳಿದು ನೋಡಿ. ಗುಳ್ಳೆ ಎದ್ದು ಒಡೆದು ಮತ್ತೆ ಎದ್ದರೆ ಸೋರುತ್ತಿದೆ ಎಂದರ್ಥ. ಗಾಡಿ ಓಡುವಾಗ ಸಿಲಿಂಡರ್ ಬಂದ್. ಬಾಡಿಗೆಗೆ ಕೊಡುವ ಟ್ರೇಲರ್ ಆದರೆ ಮನೆಯ ಕೆಂಪು ಸಿಲಿಂಡರ್ ಬಳಸುವುದು ಕಾನೂನಿಗೆ ವಿರುದ್ಧ. ಕನೆಕ್ಷನ್ ಇಲ್ಲದೆ ಸಿಗುವ ಐದು ಕಿಲೋದ್ದನ್ನು ತೆಗೆದುಕೊಳ್ಳಿ. ಅದನ್ನು ಮುಂದೆ, ಕೊಂಡಿಯ ಹತ್ತಿರ, ಹೊರಗಿನ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯ ತಳಕ್ಕೆ ತೂತು ಕೊರೆಸಿದರೆ ಸೋರಿದ ಗ್ಯಾಸ್ ಕೆಳಗಿಳಿದು ಹೋಗುತ್ತದೆ, ಕೊಂಡಿಗೆ ಬೇಕಾದ ಭಾರವೂ ಸಿಗುತ್ತದೆ.

ಅಕ್ಕನಿಗೆ ನಾನು ಹೇಳಿದ್ದು ಒಂದೇ: ಮನೆಯಲ್ಲಿರುವ ಓಟಿಜಿಯ ಪಕ್ಕ ಒಂದು ಕ್ಯಾಲೆಂಡರ್ ತೂಗುಹಾಕು, ಒಂದು ತಿಂಗಳು, ಬಳಸಿದ ದಿನ ಗೆರೆ ಎಳೆ. ತಿಂಗಳ ಕೊನೆಗೆ ಫೋನು ಮಾಡಿದೆ. ಮೂರು ಗೆರೆ. ಅದರಲ್ಲಿ ಒಂದು, ಮೆತ್ತಗಾದ ಚಕ್ಕುಲಿ ಗರಿ ಮಾಡಿದ್ದು.

ಮೊನ್ನೆ ಹೋದಾಗ ಸೀಮೆಸುಣ್ಣದ ಚೌಕದ ಮೇಲೆ ಡ್ರಾಯರ್ ಕೂತಿತ್ತು. ಬಾವ ಹೆಮ್ಮೆಯಿಂದ ಎಳೆದು ತೋರಿಸಿದರು: ಅಕ್ಕಿ, ಸಾಂಬಾರ ಪುಡಿಗಳು, ಕಾಚಂಪುಳಿ ಬಾಟಲಿ, ಮೂಲೆಯಲ್ಲಿ ನೂಪುಟ್ಟು ಒತ್ತುವ ಭಾರಿ ಶ್ಯಾವಿಗೆ ಒರಳು. ಅಕ್ಕ ಒಂದು ಮಾತೂ ಆಡದೆ ಒರಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕಾಫಿ ತೂಗುವ ಯಂತ್ರದ ಮೇಲಿಟ್ಟಳು. ಎಂಟೂವರೆ ಕಿಲೋ.

“ಇದನ್ನು ಮುಂದೆ ಇಡಿ” ಎಂದಳು ಬಾವನಿಗೆ. “ಕೊಂಡಿ ಹಗುರಾಗ್ತದೆ.”